ಮೊದಲು ನಂಟು, ಆಮೇಲೆ ಪ್ರಾಜೆಕ್ಟ್: ಗುಂಪು ಓದಿಗೆ ಮಾವೊರಿ ವಿದ್ಯಾರ್ಥಿಗಳು ತೋರಿಸಿದ ದಾರಿ

ನಮ್ಮ ಕಾಲೇಜುಗಳಲ್ಲಿ ಗುಂಪು ಪ್ರಾಜೆಕ್ಟ್ ಬಹುತೇಕ ಹೀಗೆ ನಡೆಯುತ್ತದೆ. ಮೇಷ್ಟ್ರು ರೋಲ್ ನಂಬರಿನ ಪ್ರಕಾರ ಐದೈದು ಜನರನ್ನು ಸೇರಿಸುತ್ತಾರೆ. ಒಂದು ವಾಟ್ಸ್ಆ್ಯಪ್ ಗುಂಪು ತೆರೆಯುತ್ತದೆ. ಚುರುಕಾದ ಒಬ್ಬಳು ಇಡೀ ವರದಿ ಬರೆಯುತ್ತಾಳೆ, ಇನ್ನೊಬ್ಬ ಪಿಪಿಟಿ ಮಾಡುತ್ತಾನೆ, ಮೂರನೆಯವನು ಪ್ರಿಂಟ್ ಹಾಕಿಸಿ ಸ್ಪೈರಲ್ ಬೈಂಡಿಂಗ್ ಮಾಡಿಸಿಕೊಂಡು ಬರುತ್ತಾನೆ. ಉಳಿದಿಬ್ಬರ ಹೆಸರು ಮುಖಪುಟದಲ್ಲಿ ಮಾತ್ರ ಇರುತ್ತದೆ. ಆ ಇಬ್ಬರಲ್ಲಿ ಒಬ್ಬರು ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಪೋಡಿನಿಂದಲೋ ಹೆಗ್ಗಡದೇವನಕೋಟೆಯ ಬುಡಕಟ್ಟು ಹಾಡಿಯಿಂದಲೋ ಬಂದವರಾಗಿದ್ದರೆ, ‘ಪಾಪ, ಅವರು ಮಾತಾಡುವುದೇ ಇಲ್ಲ’ ಎಂದು ಎಲ್ಲರೂ ಸುಮ್ಮನಾಗುತ್ತಾರೆ.

ನ್ಯೂಜಿಲೆಂಡಿನ ಮೂಲನಿವಾಸಿಗಳಾದ ಮಾವೊರಿಗಳ ಮಕ್ಕಳೂ ಅಲ್ಲಿನ ವಿಶ್ವವಿದ್ಯಾಲಯಗಳಲ್ಲಿ ಬಹುಕಾಲ ಹೀಗೆ ಅಂಚಿನಲ್ಲಿ ಕೂತವರು. ಕಳೆದ ನಾಲ್ಕು ದಶಕಗಳಲ್ಲಿ ಅವರು ಮಾಡಿಕೊಂಡ ಬದಲಾವಣೆ ಗಮನಿಸುವಂಥದ್ದು. ಮನೆಯ, ಕುಲದ ನಡೆನುಡಿಯನ್ನು ಕ್ಯಾಂಪಸ್ಸಿನ ಗೇಟಿನಾಚೆ ಬಿಟ್ಟು ಬರುವ ಬದಲು ಅದನ್ನು ಒಳಗೇ ತಂದರು. ಕೂಡಿ ಕಲಿಯುವುದಕ್ಕೆ ಅದನ್ನೇ ಬುನಾದಿ ಮಾಡಿಕೊಂಡರು. ಆಕ್ಲೆಂಡಿಗೋ ವೆಲಿಂಗ್ಟನ್ನಿಗೋ ಓದಲು ಹೊರಟ ಕನ್ನಡದ ಹುಡುಗ ಹುಡುಗಿಯರಿಗೆ ಇದು ಗೊತ್ತಿದ್ದರೆ ಅಲ್ಲಿನ ಮೊದಲ ಗುಂಪು ಕೆಲಸದಲ್ಲೇ ಎಡವುವುದು ತಪ್ಪುತ್ತದೆ. ಇಲ್ಲಿ ಸೋಲಿಗ, ಜೇನುಕುರುಬ, ಕೊರಗ, ಸಿದ್ದಿ ಮಕ್ಕಳಿಗೆ ಪಾಠ ಮಾಡುವ ಅಧ್ಯಾಪಕರಿಗಂತೂ ಇದರಿಂದ ಎತ್ತಿಕೊಳ್ಳಬೇಕಾದದ್ದು ಬಹಳವಿದೆ.

ಹಿನ್ನೆಲೆ ಸ್ವಲ್ಪ ತಿಳಿದಿರಲಿ. 2023ರ ಜನಗಣತಿಯ ಪ್ರಕಾರ ನ್ಯೂಜಿಲೆಂಡಿನ ಸುಮಾರು 50 ಲಕ್ಷ ಜನರಲ್ಲಿ 9,78,246 ಮಂದಿ ಮಾವೊರಿ ವಂಶಮೂಲದವರು. ಹತ್ತಿರಹತ್ತಿರ ಐವರಲ್ಲಿ ಒಬ್ಬರು. 1840ರಲ್ಲಿ ಬ್ರಿಟಿಷ್ ರಾಣಿಯ ಪ್ರತಿನಿಧಿಯೂ ಮಾವೊರಿ ಮುಖ್ಯಸ್ಥರೂ ವೈತಂಗಿ ಒಪ್ಪಂದಕ್ಕೆ ಸಹಿ ಹಾಕಿದರು. 1867ರ ನೇಟಿವ್ ಸ್ಕೂಲ್ಸ್ ಕಾಯ್ದೆ ಮಾವೊರಿ ಹಳ್ಳಿಗಳಿಗೆ ಶಾಲೆಯ ಜೊತೆಗೆ ಇಂಗ್ಲಿಷನ್ನೂ ತಂದಿತು; ಮನೆಮಾತು ಆಡಿದ್ದಕ್ಕೆ ಏಟು ತಿಂದ ತಲೆಮಾರುಗಳು ಆಗಿಹೋದವು. ನ್ಯೂಜಿಲೆಂಡಿನ ವಿಶ್ವವಿದ್ಯಾಲಯದಲ್ಲಿ ಪದವಿ ಮುಗಿಸಿದ ಮೊದಲ ಮಾವೊರಿ ಅಪಿರಾನ ಙಾಟ, ಆತ ಬಿ.ಎ. ಪಡೆದದ್ದು 1893ರಲ್ಲಿ. ಮಾವೊರಿ ನುಡಿಗೆ ಅಧಿಕೃತ ಭಾಷೆಯ ಸ್ಥಾನ ಸಿಕ್ಕಿದ್ದು 1987ರಲ್ಲಿ, ಅಂದರೆ ಸುಮಾರು ಒಂದು ಶತಮಾನದ ನಂತರ. ಅದಕ್ಕೆ ಐದು ವರ್ಷ ಮುಂಚೆಯೇ ಅಜ್ಜಿಯರು ಕೂತು ಪುಟ್ಟ ಮಕ್ಕಳಿಗೆ ನುಡಿ ಕಲಿಸುವ ‘ಕೊಹಂಗ ರೆಓ’ ಶಿಶುಕೇಂದ್ರಗಳು ಹುಟ್ಟಿಕೊಂಡಿದ್ದವು. ಅದೇ ಹೊತ್ತಿಗೆ ಕ್ಯಾಂಪಸ್ಸುಗಳ ಒಳಗೆ ಮರಾಯ್‌ಗಳು ಎದ್ದವು. ಮರಾಯ್ ಎಂದರೆ ಕೆತ್ತನೆಯ ಸಭಾಮನೆ, ಮುಂದೆ ಅಂಗಳ, ಪಕ್ಕದಲ್ಲಿ ಊಟದ ಮನೆ ಇರುವ ಸಮುದಾಯದ ನೆಲೆ. ವೆಲಿಂಗ್ಟನ್ನಿನ ವಿಕ್ಟೋರಿಯಾ ವಿಶ್ವವಿದ್ಯಾಲಯದ ‘ತೆ ಹೆರೆಂಗ ವಾಕ’ 1986ರಲ್ಲೂ ಆಕ್ಲೆಂಡ್ ವಿಶ್ವವಿದ್ಯಾಲಯದ ‘ವೈಪಾಪ’ 1988ರಲ್ಲೂ ತೆರೆದವು. ಗುಂಪು ಓದಿನ ಹೊಸ ರೀತಿಗಳಿಗೆ ಇಂಥ ಜಾಗಗಳೇ ಆಸರೆ.

ಪರಿಚಯಕ್ಕೆ ಒಂದು ಪೂರ್ತಿ ಪೀರಿಯಡ್

ಮಾವೊರಿ ವಿದ್ಯಾರ್ಥಿಗಳು ಹೆಚ್ಚಿರುವ ಗುಂಪಿನ ಮೊದಲ ಸಭೆಗೆ ಹೋದ ಹೊಸಬರಿಗೆ ಕೆಲಸ ಶುರುವೇ ಆಗುತ್ತಿಲ್ಲ ಎನಿಸಬಹುದು. ಯಾರೋ ಪುಟ್ಟದೊಂದು ಪ್ರಾರ್ಥನೆ ಹೇಳುತ್ತಾರೆ. ಆಮೇಲೆ ಒಬ್ಬೊಬ್ಬರೂ ತಮ್ಮ ‘ಪೆಪೆಹ’ ಹೇಳುತ್ತಾರೆ: ನಮ್ಮ ಬೆಟ್ಟ ಇದು, ನಮ್ಮ ಹೊಳೆ ಇದು, ನಮ್ಮ ಪೂರ್ವಿಕರು ಬಂದ ದೋಣಿ ಇದು, ನಮ್ಮ ಕುಲ, ನಮ್ಮ ಮರಾಯ್ ಇದು, ಕೊನೆಗೆ ತನ್ನ ಹೆಸರು. ನಡುವೆ ಯಾರದೋ ಅಜ್ಜಿಯ ಊರು ಇನ್ನೊಬ್ಬರ ಚಿಕ್ಕಪ್ಪನ ಊರಿನ ಪಕ್ಕದ್ದೆಂದು ಗೊತ್ತಾಗಿ ಮಾತು ಅತ್ತ ಹರಿಯುತ್ತದೆ. ಚಹಾ, ಬಿಸ್ಕತ್ತು ಬರುತ್ತದೆ. ಲ್ಯಾಪ್‌ಟಾಪ್ ತೆರೆಯುವುದು ಇಷ್ಟೆಲ್ಲ ಆದ ಮೇಲೆ.

ಇದನ್ನು ಅವರು ‘ಫನೌಂಗತಂಗ’ ಎನ್ನುತ್ತಾರೆ. ನಂಟು ಕಟ್ಟಿಕೊಳ್ಳುವುದು ಎಂದುಕೊಳ್ಳಿ. ಇದರಿಂದ ಬಹಳ ಲೌಕಿಕವಾದ ಲಾಭವಿದೆ. ಗುರುತು ಪರಿಚಯವಿಲ್ಲದವನಿಗೆ ‘ನನಗಿದು ಅರ್ಥವಾಗಲಿಲ್ಲ’ ಎಂದು ಹೇಳಲು ಯಾರಿಗೂ ಬಾಯಿ ಬರುವುದಿಲ್ಲ. ಊರು ಮನೆ ತಿಳಿದವರ ಹತ್ತಿರ ಹೇಳಬಹುದು. ಗಡುವಿನ ಹಿಂದಿನ ರಾತ್ರಿ ಫೋನ್ ಎತ್ತದೆ ಕಾಣೆಯಾಗುವುದೂ ಅಂಥವರ ಮುಂದೆ ಕಷ್ಟ. ವೈಕಾಟೊ ವಿಶ್ವವಿದ್ಯಾಲಯದ ರಸೆಲ್ ಬಿಷಪ್ ಮತ್ತು ಜೊತೆಗಾರರು 2001ರಲ್ಲಿ ‘ತೆ ಕೊತಹಿತಂಗ’ ಎಂಬ ಯೋಜನೆ ಆರಂಭಿಸಿದಾಗ ಮೊದಲು ಮಾಡಿದ್ದು ಪ್ರೌಢಶಾಲೆಯ ಮಾವೊರಿ ಮಕ್ಕಳನ್ನು ಕೂರಿಸಿಕೊಂಡು ಅವರ ಮಾತು ಕೇಳಿದ್ದು. ಕಲಿಕೆ ಆಗುವುದಕ್ಕೂ ಆಗದಿರುವುದಕ್ಕೂ ಮಕ್ಕಳು ಕೊಟ್ಟ ಮುಖ್ಯ ಕಾರಣ ಮೇಷ್ಟ್ರಿಗೂ ತಮಗೂ ಇರುವ ಸಂಬಂಧ.

ಅಲ್ಲಿಗೆ ಹೋಗುವವರು ಮಾಡಬೇಕಾದದ್ದು ಇಷ್ಟು. ನಿಮ್ಮ ಪರಿಚಯವನ್ನು ಒಂದೆರಡು ನಿಮಿಷಕ್ಕಾಗುವಷ್ಟು ಮೊದಲೇ ಯೋಚಿಸಿಟ್ಟುಕೊಳ್ಳಿ. ಬಯೋಡೇಟಾ ಒಪ್ಪಿಸಬೇಡಿ. ಎಲ್ಲಿ ಬೆಳೆದಿರಿ, ಯಾವ ಹೊಳೆಯ ನೀರು ಕುಡಿದಿರಿ, ಮನೆಯಲ್ಲಿ ಯಾರಿದ್ದಾರೆ, ಯಾಕೆ ಇಷ್ಟು ದೂರ ಬಂದಿರಿ ಎಂಬುದನ್ನು ಹೇಳಿ. ಎರಡು ವಾಕ್ಯ ಕನ್ನಡದಲ್ಲೇ ಹೇಳಿದರೆ ಅವರು ಸಂತೋಷಪಡುತ್ತಾರೆ. ಆದರೆ ಪೆಪೆಹದ ಸಾಲುಗಳನ್ನು ಬಾಯಿಪಾಠ ಮಾಡಿ ನಕಲು ಮಾಡಬೇಡಿ. ಬೆಟ್ಟ ನಮ್ಮದು ಎಂದು ಅವರು ಹೇಳುವುದು ಪೂರ್ವಿಕರ ಹಕ್ಕಿನಿಂದ. ‘ಚಾಮುಂಡಿ ಬೆಟ್ಟದ ಕೆಳಗೆ ಬೆಳೆದೆ’ ಎಂದರೆ ಸಾಕು.

ಇಲ್ಲಿನ ಅಧ್ಯಾಪಕರಿಗೆ ಒಂದು ಎಚ್ಚರಿಕೆ. ಈ ಲೇಖನದಲ್ಲಿ ಇದಕ್ಕಿಂತ ಮುಖ್ಯವಾದ ಮಾತಿಲ್ಲ. ಮಾವೊರಿಗಳಲ್ಲಿ ವಂಶ ಹೇಳಿಕೊಳ್ಳುವುದು ತಲೆ ಎತ್ತಿ ನಿಲ್ಲುವ ಗಳಿಗೆ. ನಮ್ಮಲ್ಲಿ ‘ಯಾವ ಊರು, ಯಾರ ಪೈಕಿ, ಮನೆದೇವರು ಯಾವುದು?’ ಎಂಬ ಪ್ರಶ್ನೆಯ ಹಿಂದೆ ಬಹುಪಾಲು ಜಾತಿ ಅಳೆಯುವ ಉದ್ದೇಶವಿರುತ್ತದೆ. ಅಪ್ಪ ಏನು ಕೆಲಸ ಮಾಡುತ್ತಾರೆ ಎಂಬ ಸರಳ ಪ್ರಶ್ನೆಗೂ ಅದೇ ಮೊನೆ. ಕೊರಗರ ಮೇಲೆ ಹೇರಿದ್ದ ಅಜಲು ಎಂಬ ಅಮಾನವೀಯ ಪದ್ಧತಿಯನ್ನು ಕರ್ನಾಟಕ ಕಾಯ್ದೆ ತಂದು ನಿಷೇಧಿಸಿದ್ದು 2000ನೇ ಇಸವಿಯಲ್ಲಿ. ಆ ನೋವು ಕಂಡ ಮನೆಗಳ ಮಕ್ಕಳು ಇವತ್ತು ನಿಮ್ಮ ತರಗತಿಯಲ್ಲಿರಬಹುದು. ಹಾಗಾಗಿ ಪೆಪೆಹವನ್ನು ಯಥಾವತ್ತಾಗಿ ತಂದು ಇಳಿಸುವುದು ಬೇಡ. ಅದರ ಹುರುಳನ್ನು ಮಾತ್ರ ತೆಗೆದುಕೊಳ್ಳೋಣ. ನೆಲ, ನೀರು, ಮರ, ಮಳೆ, ಚಿಕ್ಕಂದಿನಲ್ಲಿ ಇಷ್ಟಪಟ್ಟ ಊಟ, ಮೊದಲು ಕಲಿತ ಕೆಲಸ, ಯಾರಿಂದ ಕಲಿತದ್ದು: ಇಂಥ ಪ್ರಶ್ನೆ ಕೊಟ್ಟು, ಬೇಕಾದ್ದನ್ನು ಆರಿಸಿಕೊಂಡು ಹೇಳಲು ಬಿಡಿ. ಅಡ್ಡಹೆಸರು, ಕುಲ, ಹಾಸ್ಟೆಲ್ ಯಾವುದು ಎಂಬುದು ಪ್ರಶ್ನೆಯಲ್ಲಿ ಬರಲೇಬಾರದು. ವಿದ್ಯಾರ್ಥಿ ತಾನಾಗಿ ಹೇಳಿಕೊಂಡರೆ ಗೌರವದಿಂದ ಕೇಳಿ. ಮತ್ತು ಮೊದಲು ನೀವು ಹೇಳಿ. ಮೇಷ್ಟ್ರು ತಮ್ಮ ಊರಿನ ಕೆರೆಯ ಬಗ್ಗೆ ಎರಡು ಮಾತಾಡಿದ ಮೇಲೆ ಮಕ್ಕಳ ಬಾಯಿ ಸಡಿಲವಾಗುತ್ತದೆ.

ಅಕ್ಕ–ತಂಗಿ, ಅಣ್ಣ–ತಮ್ಮ

ಮಾವೊರಿ ಕುಟುಂಬದಲ್ಲಿ ಅಕ್ಕತಂಗಿಯರಲ್ಲಿ ಅಥವಾ ಅಣ್ಣತಮ್ಮಂದಿರಲ್ಲಿ ಹಿರಿಯರು ‘ತುವಾಕನ’, ಕಿರಿಯರು ‘ತೇಯ್ನ’. ದೊಡ್ಡವರು ಸಣ್ಣವರ ಕೈ ಹಿಡಿದು ಕಲಿಸಬೇಕೆಂಬ ಈ ಸಂಬಂಧವನ್ನು ಅವರು ಓದಿಗೂ ತಂದಿದ್ದಾರೆ. ಆಕ್ಲೆಂಡ್ ವಿಶ್ವವಿದ್ಯಾಲಯದಲ್ಲಿ ‘ತುವಾಕನ’ ಹೆಸರಿನ ಕಾರ್ಯಕ್ರಮವೇ ಇದೆ. ಮಾವೊರಿ ಮತ್ತು ಪೆಸಿಫಿಕ್ ದ್ವೀಪಗಳ ಹೊಸ ವಿದ್ಯಾರ್ಥಿಗಳಿಗೆ ಅದೇ ವಿಷಯ ಓದಿದ ಹಿರಿಯ ವಿದ್ಯಾರ್ಥಿಗಳು ಸಣ್ಣ ಗುಂಪುಗಳಲ್ಲಿ ಪಾಠ ಹೇಳಿಕೊಡುತ್ತಾರೆ. ಗ್ರಂಥಾಲಯ ತೋರಿಸುವುದರಿಂದ ಹಿಡಿದು ಪರೀಕ್ಷೆಯ ಭಯ ಬಿಡಿಸುವವರೆಗೆ ಜೊತೆಗಿರುತ್ತಾರೆ. ಅದೇ ವಿಶ್ವವಿದ್ಯಾಲಯದ ವೈದ್ಯಕೀಯ ವಿಭಾಗದಲ್ಲಿ 1972ರಿಂದ ಈ ಸಮುದಾಯಗಳಿಗೆ ಪ್ರತ್ಯೇಕ ಪ್ರವೇಶ ಯೋಜನೆಯಿದೆ. ಸೀಟು ಕೊಟ್ಟು ಕೈ ತೊಳೆದುಕೊಳ್ಳದೆ, ಒಟ್ಟಿಗೆ ಕೂತು ಓದುವ ವ್ಯವಸ್ಥೆಯನ್ನೂ ಅದರೊಳಗೆ ಕಟ್ಟಿದ್ದಾರೆ.

ಈ ಸಂಬಂಧದಲ್ಲಿ ಸ್ಥಾನ ಬದಲಾಗುತ್ತದೆ ಎಂಬುದು ನನಗೆ ಬಹಳ ಬೆಲೆಯುಳ್ಳದ್ದಾಗಿ ಕಾಣುತ್ತದೆ. ಇವತ್ತು ಅಂಕಿಅಂಶದ ಲೆಕ್ಕ ಬಲ್ಲವಳು ಅಕ್ಕ. ನಾಳೆ ಹಳ್ಳಿಗೆ ಹೋಗಿ ಹಿರಿಯರನ್ನು ಮಾತಾಡಿಸಬೇಕಾದಾಗ, ಅವರ ಮುಂದೆ ಹೇಗೆ ಕೂರಬೇಕು, ಎಷ್ಟು ಹೊತ್ತು ಸುಮ್ಮನಿರಬೇಕು ಎಂದು ಬಲ್ಲವಳು ಅಕ್ಕನಾಗುತ್ತಾಳೆ, ಲೆಕ್ಕದವಳು ತಂಗಿ. ಕಲಿಯುವುದೂ ಕಲಿಸುವುದೂ ಇಬ್ಬರಿಗೂ ಸೇರಿದ್ದು ಎಂಬ ಈ ನಂಬಿಕೆಯನ್ನು ಮಾವೊರಿಗಳು ‘ಅಕೊ’ ಎನ್ನುತ್ತಾರೆ. ನ್ಯೂಜಿಲೆಂಡಿನ ಶಿಕ್ಷಕರ ತರಬೇತಿಯಲ್ಲಿ ಈಗ ಇದು ಎಲ್ಲರ ಬಾಯಲ್ಲಿದೆ.

ನಮ್ಮ ತರಗತಿಯಲ್ಲಿ ಇದನ್ನು ಮಾಡುವುದು ಕಷ್ಟವಿಲ್ಲ. ಕೆಲಸವನ್ನು ಐದು ಪಾಲು ಮಾಡಿ ಐವರಿಗೆ ಹಂಚುವ ಬದಲು ಪ್ರತಿ ಪಾಲಿಗೂ ಇಬ್ಬರನ್ನು ಹಾಕಿ: ಒಬ್ಬರು ಬಲ್ಲವರು, ಒಬ್ಬರು ಕಲಿಯಬೇಕಾದವರು. ಮುಂದಿನ ಪಾಲಿಗೆ ಜೋಡಿಯೂ ಬದಲಾಗಬೇಕು, ಯಾರು ಬಲ್ಲವರು ಎಂಬುದೂ ಬದಲಾಗಬೇಕು. ಹಾಗಾಗಬೇಕಾದರೆ ಪ್ರಾಜೆಕ್ಟಿನ ವಿಷಯ ಅದಕ್ಕೆ ಒಗ್ಗಬೇಕು. ಬರೀ ಇಂಟರ್ನೆಟ್ಟಿನಿಂದ ಎತ್ತಿ ಬರೆಯುವ ವಿಷಯ ಕೊಟ್ಟರೆ ಇಂಗ್ಲಿಷ್ ಚೆನ್ನಾಗಿ ಬಲ್ಲವರೇ ಕಡೆಯವರೆಗೂ ಅಕ್ಕ ಅಣ್ಣಂದಿರಾಗಿ ಉಳಿಯುತ್ತಾರೆ. ಸುತ್ತಲಿನ ಕಾಡು, ಕೆರೆ, ಸಂತೆ, ಸೊಪ್ಪು, ಗೆಡ್ಡೆ, ಜೇನು, ಪಡಿತರ, ಬಸ್ಸು ಇವುಗಳ ಮೇಲೆ ವಿಷಯ ಕೊಡಿ. ಆಗ ಹಾಡಿಯ ಹುಡುಗನಿಗೆ ಹೇಳಿಕೊಡಲು ಏನಾದರೂ ಇರುತ್ತದೆ.

ಭಾಷೆಯ ಮಾತೂ ಇಲ್ಲಿಯೇ ಬರಬೇಕು. ನ್ಯೂಜಿಲೆಂಡಿನ ಹಲವು ವಿಶ್ವವಿದ್ಯಾಲಯಗಳಲ್ಲಿ ಅಸೈನ್‌ಮೆಂಟನ್ನು ಮಾವೊರಿ ನುಡಿಯಲ್ಲಿ ಬರೆದು ಕೊಡಲು ಅವಕಾಶವಿದೆ. ನಾವು ಅಷ್ಟು ದೂರ ಹೋಗದಿದ್ದರೂ, ಚರ್ಚೆ ಕನ್ನಡದಲ್ಲೂ ಮನೆಮಾತಿನಲ್ಲೂ ನಡೆಯಲಿ, ಕೊನೆಯ ವರದಿ ಮಾತ್ರ ಬೇಕಾದರೆ ಇಂಗ್ಲಿಷಿನಲ್ಲಿರಲಿ ಎಂದು ಹೇಳುವುದಕ್ಕೆ ಯಾವ ಸುತ್ತೋಲೆಯೂ ಬೇಕಿಲ್ಲ.

ಸುಮ್ಮನಿರುವವರ ಜೊತೆ

ಮಾತಾಡದ ವಿದ್ಯಾರ್ಥಿಯನ್ನು ಎಬ್ಬಿಸಿ ನಿಲ್ಲಿಸಿ ‘ನೀನು ಹೇಳು’ ಎನ್ನುವುದು ಪ್ರೋತ್ಸಾಹವೆಂದು ನಮ್ಮಲ್ಲಿ ಅನೇಕರು ತಿಳಿದಿದ್ದಾರೆ. ಮಾವೊರಿಗಳಲ್ಲಿ ‘ಫಕಮಾ’ ಎಂಬ ಭಾವವಿದೆ. ನಾಚಿಕೆ, ಮುಜುಗರ, ತಾನು ಈ ಜಾಗಕ್ಕೆ ಸಲ್ಲದವನು ಎಂಬ ಕುಗ್ಗುವಿಕೆ ಎಲ್ಲ ಸೇರಿದ್ದು. ಎಲ್ಲರ ಮುಂದೆ ಒಂಟಿಯಾಗಿ ನಿಲ್ಲಿಸಿದಷ್ಟೂ ಅದು ಹೆಚ್ಚುತ್ತದೆ. ಅಮೆರಿಕದ ಒರೆಗಾನ್ ರಾಜ್ಯದ ವಾರ್ಮ್ ಸ್ಪ್ರಿಂಗ್ಸ್ ಮೂಲನಿವಾಸಿ ಮಕ್ಕಳ ನಡುವೆ ಕೆಲಸ ಮಾಡಿದ ಮಾನವಶಾಸ್ತ್ರಜ್ಞೆ ಸೂಸನ್ ಫಿಲಿಪ್ಸ್ ಕಂಡದ್ದೂ ಹತ್ತಿರದ ವಿಷಯ. ಟೀಚರ್ ಹೆಸರು ಕರೆದು ಕೇಳಿದಾಗ ಬಾಯಿ ಬಿಡದ ಮಕ್ಕಳು ತಾವೇ ನಡೆಸಿಕೊಳ್ಳುವ ಸಣ್ಣ ಗುಂಪಿನಲ್ಲಿ ಲವಲವಿಕೆಯಿಂದ ಮಾತಾಡುತ್ತಿದ್ದರು. ತರಗತಿಯ ಏರ್ಪಾಡು ಅವರ ಮನೆಯ ರೀತಿಗೆ ಒಗ್ಗುತ್ತಿರಲಿಲ್ಲ. ಬುದ್ಧಿಯಲ್ಲಿ ಕೊರತೆಯೇನೂ ಇರಲಿಲ್ಲ.

ಹಾಗಾಗಿ ಮೊದಲು ಇಬ್ಬಿಬ್ಬರು ಮಾತಾಡಿಕೊಳ್ಳಲಿ. ಆಮೇಲೆ ಗುಂಪಿನಲ್ಲಿ ಸರದಿಯಂತೆ ಒಂದು ಸುತ್ತು ಬರಲಿ. ಒಬ್ಬರು ಹೇಳುವಾಗ ಇನ್ನೊಬ್ಬರು ನಡುವೆ ಬಾಯಿ ಹಾಕಬಾರದು, ಬೇಡವೆನಿಸಿದವರು ‘ಆಮೇಲೆ ಹೇಳುತ್ತೇನೆ’ ಎಂದು ದಾಟಿಸಬಹುದು. ಮೌನವನ್ನು ತುಂಬಿಸಲು ಅವಸರ ಮಾಡಬೇಡಿ. ಪ್ರೆಸೆಂಟೇಷನ್ ದಿನ ಗುಂಪಿನ ಐವರೂ ಒಟ್ಟಿಗೆ ನಿಲ್ಲಲಿ, ಮಾತು ಯಾರದೇ ಇರಲಿ. ಮಾವೊರಿಗಳಲ್ಲಿ ಒಬ್ಬರು ಭಾಷಣ ಮುಗಿಸಿದೊಡನೆ ಅವರ ಕಡೆಯವರೆಲ್ಲ ಎದ್ದು ಜೊತೆಗೆ ನಿಂತು ಒಂದು ಹಾಡು ಹೇಳುತ್ತಾರೆ. ಆ ಮಾತು ಎಲ್ಲರದು ಎಂದು ತೋರುವ ಬಗೆ ಅದು. ಹೀಗಾಗಿ ನ್ಯೂಜಿಲೆಂಡಿಗೆ ಹೋಗುವವರಿಗೆ ಒಂದು ಸಲಹೆ: ಎಲ್ಲರೂ ಕೂಡಿ ಹಾಡಬಹುದಾದ ಒಂದು ಕನ್ನಡ ಹಾಡು ಬಾಯಿಗೆ ಬರುವಂತಿರಲಿ. ಮರಾಯ್‌ಗೆ ಹೋದಾಗ ನಿಮ್ಮ ಗುಂಪಿನ ಪರವಾಗಿ ಹಾಡುವ ಸರದಿ ಬಂದೇ ಬರುತ್ತದೆ.

ಮರಾಯ್‌ನಲ್ಲಿ ಒಂದು ರಾತ್ರಿ

ಹಲವು ಕೋರ್ಸುಗಳಲ್ಲಿ ‘ನೊಹೊ’ ಇರುತ್ತದೆ: ಇಡೀ ತರಗತಿ ಮರಾಯ್‌ಗೆ ಹೋಗಿ ಸಭಾಮನೆಯಲ್ಲೇ ಹಾಸಿಗೆ ಹಾಸಿ ಸಾಲಾಗಿ ಮಲಗಿ, ಪಕ್ಕದ ಊಟದ ಮನೆಯಲ್ಲಿ ಉಂಡು, ಅಲ್ಲೇ ಇದ್ದು ಓದುವುದು. ಆತಿಥೇಯರು ಸ್ವಾಗತಿಸುವ ‘ಪೋಫಿರಿ’ ಶುರುವಾಗುವವರೆಗೆ ಗೇಟಿನ ಬಳಿ ಕಾಯಬೇಕು. ಒಳಗಿನಿಂದ ಹೆಣ್ಣಿನ ದನಿ ಕರೆಯುತ್ತದೆ. ಆಗ ಗುಂಪಾಗಿ, ಮೌನವಾಗಿ ನಡೆಯಬೇಕು. ಸಭಾಮನೆಗೆ ಚಪ್ಪಲಿ, ಶೂ ಬಿಟ್ಟು ಹೋಗಬೇಕು. ಇದು ನಮಗೆ ಹೊಸದಲ್ಲ. ಒಳಗೆ ತಿಂಡಿ ತಿನ್ನಬಾರದು. ಮೇಜಿನ ಮೇಲೆ, ದಿಂಬಿನ ಮೇಲೆ ಕೂರಬಾರದು. ಮಲಗಿದವರನ್ನು ದಾಟಬಾರದು. ತಲೆ ಅವರಿಗೆ ಪವಿತ್ರ, ಮುಟ್ಟಬಾರದು. ಸಸ್ಯಾಹಾರಿಗಳು ಮೊದಲೇ ತಿಳಿಸಿಬಿಡಿ. ಅತಿಥಿಗೆ ಹೊಟ್ಟೆ ತುಂಬ ಬಡಿಸಲಾಗದಿದ್ದರೆ ಆತಿಥೇಯರಿಗೆ ಅದು ಮರ್ಯಾದೆಯ ಪ್ರಶ್ನೆ. ಊಟವಾದ ಮೇಲೆ ಪಾತ್ರೆ ತೊಳೆಯಲು, ಒರೆಸಲು ಹೋಗಿ ನಿಲ್ಲಿ. ಅಡುಗೆಮನೆಯಲ್ಲಿ ಕಟ್ಟಿಕೊಂಡ ಸ್ನೇಹ ಗುಂಪು ಕೆಲಸದ ಕೊನೆಯವರೆಗೆ ಬರುತ್ತದೆ.

ಗುಂಪಿನ ಮಾವೊರಿ ಗೆಳೆಯ ಇದ್ದಕ್ಕಿದ್ದಂತೆ ಮೂರ್ನಾಲ್ಕು ದಿನ ಬಾರದಿರಬಹುದು. ಸಾವಿನ ಮನೆಯ ‘ತಂಗಿಹಂಗ’ ಸಾಮಾನ್ಯವಾಗಿ ಮೂರು ದಿನ ನಡೆಯುತ್ತದೆ. ದೂರದ ಬಂಧುವಾದರೂ ಹೋಗಲೇಬೇಕು, ಅಲ್ಲಿ ದುಡಿಯಲೇಬೇಕು. ಅವನನ್ನು ಜವಾಬ್ದಾರಿ ಇಲ್ಲದವನೆಂದು ದೂರಬೇಡಿ. ಮೊದಲ ಸಭೆಯಲ್ಲೇ ‘ಯಾರಿಗಾದರೂ ಮನೆಯಲ್ಲಿ ಅನಿವಾರ್ಯ ಬಂದರೆ ಅವರ ಪಾಲು ಯಾರು ನೋಡಿಕೊಳ್ಳುತ್ತಾರೆ’ ಎಂದು ಮಾತಾಡಿ ಬರೆದಿಟ್ಟುಕೊಳ್ಳಿ. ಸೋಲಿಗರ ರೊಟ್ಟಿ ಹಬ್ಬಕ್ಕೋ ಹಾಡಿಯ ಸಾವಿಗೋ ಊರಿಗೆ ಹೋದ ವಿದ್ಯಾರ್ಥಿಯ ಹಾಜರಾತಿ ಕಡಿಮೆಯಾಯಿತೆಂದು ಗುಂಪಿನಿಂದ ಹೆಸರು ತೆಗೆಯುವ ಮುನ್ನ ಇಲ್ಲಿಯೂ ಇಂಥದೊಂದು ಒಪ್ಪಂದವಿದ್ದಿದ್ದರೆ ಎಂದು ಯೋಚಿಸಿ.

ಯಾರ ತಿಳಿವಳಿಕೆ, ಯಾರ ಹೆಸರಿನಲ್ಲಿ

ಸಮುದಾಯದ ಜ್ಞಾನವನ್ನು ಪ್ರಾಜೆಕ್ಟಿಗೆ ತಂದಾಗ ಹೊಣೆಯೂ ಬರುತ್ತದೆ. ತಮ್ಮ ಗಿಡಮರ, ಪ್ರಾಣಿಪಕ್ಷಿ, ಕಲೆ, ನುಡಿಯ ತಿಳಿವಳಿಕೆಯ ಮೇಲೆ ತಮ್ಮ ಹಕ್ಕೇನು ಎಂದು ಕೇಳಿ ಮಾವೊರಿಗಳು 1991ರಲ್ಲಿ ವೈತಂಗಿ ನ್ಯಾಯಮಂಡಳಿಗೆ ಒಂದು ದೂರು ಸಲ್ಲಿಸಿದರು. ‘ವೈ 262’ ಎಂದು ಹೆಸರಾದ ಆ ದೂರಿನ ಮೇಲಿನ ವರದಿ ಹೊರಬಂದದ್ದು 2011ರಲ್ಲಿ. ಇಪ್ಪತ್ತು ವರ್ಷ ಬಿಡದೆ ಕೇಳಿದ ಪ್ರಶ್ನೆ ಅದು. ಇವತ್ತು ಅಲ್ಲಿನ ವಿದ್ಯಾರ್ಥಿ ಅಜ್ಜಿ ಹೇಳಿದ ಕಥೆಯನ್ನು ಸ್ಲೈಡಿಗೆ ಹಾಕುವ ಮುಂಚೆ ಅಜ್ಜಿಯನ್ನು ಕೇಳುತ್ತಾನೆ, ಕೆಲವನ್ನು ಹಾಕುವುದಿಲ್ಲ. ನಮ್ಮಲ್ಲಿ ಪೋಡಿನ ಹಿರಿಯರು ಹೇಳಿದ ಮದ್ದಿನ ಗಿಡದ ವಿವರ ವರದಿಗೆ ಸೇರಿ, ಅಲ್ಲಿಂದ ಇಂಟರ್ನೆಟ್ಟಿಗೆ ಹೋಗಿ, ಹೇಳಿದವರ ಹೆಸರೂ ಇಲ್ಲದೆ ಉಳಿಯುವುದು ಅನ್ಯಾಯ. ಮೊದಲೇ ಅನುಮತಿ ಕೇಳಿ, ಬೇಡವೆಂದದ್ದನ್ನು ಬಿಟ್ಟುಬಿಡಿ, ಅವರು ಒಪ್ಪಿದರೆ ಹೆಸರು ಹಾಕಿ, ಮುಗಿದ ವರದಿಯನ್ನು ಪೋಡಿಗೆ ಹೋಗಿ ಓದಿ ಹೇಳಿ.

ಇನ್ನೊಂದು ತಪ್ಪು ಎರಡೂ ದೇಶಗಳಲ್ಲಿ ನಡೆಯುತ್ತದೆ. ತರಗತಿಯ ಒಬ್ಬಳೇ ಮಾವೊರಿ ಹುಡುಗಿಗೆ ಪ್ರತಿ ಸಲವೂ ಪ್ರಾರ್ಥನೆ ಹೇಳಲು, ಪ್ರತಿ ಪದ ವಿವರಿಸಲು ಕೇಳುತ್ತಾರೆ. ಎರಡನೇ ಮಹಾಯುದ್ಧದ ನಂತರ ನಗರಗಳಿಗೆ ವಲಸೆ ಬಂದ ಎಷ್ಟೋ ಕುಟುಂಬಗಳ ಮಕ್ಕಳಿಗೆ ನುಡಿಯೂ ಪೆಪೆಹವೂ ತಿಳಿದಿರುವುದಿಲ್ಲ. ಅವರಿಗೆ ಇದು ಹಿಂಸೆ. ತಿಳಿದವರಿಗೂ ಅದು ಅಂಕವಿಲ್ಲದ ಹೆಚ್ಚುವರಿ ದುಡಿಮೆ. ಇಲ್ಲಿ ಕಾಲೇಜು ದಿನಾಚರಣೆಗೆ ಕೊರಗ ಹುಡುಗನನ್ನು ಡೋಲು ಬಾರಿಸಲು ಕರೆಯುವ ಮುಂಚೆ, ಅದು ಅವನ ಹೆಮ್ಮೆಯೋ ಗಾಯವೋ ಎಂದು ತಿಳಿದುಕೊಳ್ಳಬೇಕು. ಸಂಸ್ಕೃತಿಯನ್ನು ತರಲು ಬಾಗಿಲು ತೆರೆದಿಡುವುದು ಅಧ್ಯಾಪಕರ ಕೆಲಸ. ತರುವುದೂ ಬಿಡುವುದೂ ವಿದ್ಯಾರ್ಥಿಗೆ ಸೇರಿದ್ದು.

ಅಂಕ ಕೊಡುವಾಗ

ಅಂಕ ಬದಲಾಗದಿದ್ದರೆ ಮೇಲಿನ ಯಾವುದೂ ನಿಲ್ಲುವುದಿಲ್ಲ. ವರದಿಗೆ ಮಾತ್ರ ಅಂಕವಿದ್ದರೆ ಒಬ್ಬಳೇ ಎಲ್ಲ ಬರೆಯುವುದು ಲಾಭ. ಅಂಕದಲ್ಲಿ ಒಂದು ಪಾಲನ್ನು ಕಲಿಸಿದ್ದಕ್ಕೆ, ಕಲಿತದ್ದಕ್ಕೆ ಮೀಸಲಿಡಿ: ನಾನು ಇವರಿಂದ ಇದನ್ನು ಕಲಿತೆ, ಇವರಿಗೆ ಇದನ್ನು ಹೇಳಿಕೊಟ್ಟೆ ಎಂದು ಪ್ರತಿಯೊಬ್ಬರೂ ಒಂದು ಪುಟ ಬರೆಯಲಿ, ಬರೆಯಲಾಗದವರು ಬಾಯಲ್ಲಿ ಹೇಳಲಿ. ವೈವಾದಲ್ಲಿ ಲೆಕ್ಕದ ಭಾಗವನ್ನು ಲೆಕ್ಕ ಕಲಿತವನನ್ನೇ ಕೇಳಿ, ಕಲಿಸಿದವಳನ್ನಲ್ಲ. ಅವನು ಸರಿಯಾಗಿ ಹೇಳಿದರೆ ಇಬ್ಬರಿಗೂ ಅಂಕ. ಉಳಿದ ಪಾಲು ವೈಯಕ್ತಿಕವಾಗಿರಲಿ. ಗುಂಪಿನ ಹೆಸರಿನಲ್ಲಿ ದುಡಿದವರಿಗೂ ದುಡಿಯದವರಿಗೂ ಒಂದೇ ಅಂಕ ಬಿದ್ದರೆ ಮುಂದಿನ ಸಲ ಯಾರೂ ಯಾರಿಗೂ ಕಲಿಸುವುದಿಲ್ಲ.

ಮುಂದಿನ ಸೆಮಿಸ್ಟರಿನ ಇಂಟರ್ನಲ್ ಅಂಕಗಳ ಪಟ್ಟಿ ಮಾಡುವ ಮುಂಚೆ ವಿಭಾಗದ ಸಭೆಯಲ್ಲಿ ಎರಡೇ ತೀರ್ಮಾನ ಮಾಡಿ. ಗುಂಪು ರಚಿಸಿದ ದಿನದ ಪೀರಿಯಡ್ ಪೂರ್ತಿ ಪರಿಚಯಕ್ಕೆ ಬಿಡಿ. ಕಲಿಸಿದ್ದಕ್ಕೂ ಅಂಕವಿದೆ ಎಂದು ಮೊದಲ ದಿನವೇ ನೋಟಿಸ್ ಬೋರ್ಡಿನಲ್ಲಿ ಹಾಕಿ. ಆಮೇಲೆ ಹಾಡಿಯಿಂದ ಬಂದ ವಿದ್ಯಾರ್ಥಿಗಳನ್ನು ಕೂರಿಸಿಕೊಂಡು, ಗುಂಪು ಹೇಗಿದ್ದರೆ ನಿಮಗೆ ಮಾತಾಡಲು ಸುಲಭ ಎಂದು ಅವರನ್ನೇ ಕೇಳಿ, ಅವರು ಹೇಳಿದಂತೆ ಮಾಡಿ.